ಹಿಂಬಾಗಿಲಿನ ವರದಿಗಾರ್ತಿ

ಫಿರ್ದೋಸ ನದಾಫ ಸುತಳಿ ಸುತ್ತುತ್ತಿದ್ದಾರೆ. ಪಣಜಿಯಲ್ಲಿ ಈಗ ಚಿತ್ರದ ಗ್ಯಾಲರಿಯಾಗಿರುವ ಹಳೆಯ ಮನೆಯೊಂದರ ಹಿಂಬಾಗಿಲ ಮೆಟ್ಟಿಲು. ಇನ್ನೂ ಪೂರ್ತಿ ಬೆಳಕಾಗಿಲ್ಲ. ನದಿಯ ಕಡೆಯಿಂದ ಮೊದಲ ಫೆರಿಯ ಸದ್ದು ಬರುತ್ತಿದೆ. ಟೆಂಪೋ ಓಡಿಸುವ ಮುಸ್ತಾಕ ಒಂದೊಂದೇ ಚಿತ್ರವನ್ನು ಹಳೆಯ ಚಾದರದಲ್ಲಿ ಸುತ್ತಿ ಕಟ್ಟುತ್ತಾನೆ, ಉಳಿದ ಸುತಳಿಯ ತುದಿಯನ್ನು ಅವರತ್ತ ಚಾಚುತ್ತಾನೆ. ಅವರು ಅದನ್ನು ಬೆರಳಿಗೆ ಸುತ್ತಿ ಉಂಡೆ ಮಾಡುತ್ತಾರೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ, ಫಿರ್ದೋಸರ ಕಣ್ಣು ಬಾಗಿಲಿನಿಂದ ಹೊರಬರುವ ಚಿತ್ರಗಳ ಮೇಲಿದೆ.

ಇದು ಅವರ ಕೂಲಿಯಲ್ಲ, ವರದಿಗಾರಿಕೆ. ಪಣಜಿಯಿಂದ ಹೊರಡುವ ಇಂಗ್ಲಿಷ್ ವಾರಪತ್ರಿಕೆಗೆ ಅವರು ಕಲೆಯ ಪೇಟೆಯ ಸುದ್ದಿ ಬರೆಯುತ್ತಾರೆ. ಯಾರ ಚಿತ್ರ ಮಾರಿತು, ಯಾರದು ಗೋಡೆಯಲ್ಲೇ ಉಳಿಯಿತು, ಯಾವ ಗ್ಯಾಲರಿ ಬಾಗಿಲು ಹಾಕಿತು, ಇಂಥವು. ಬೇರೆ ವರದಿಗಾರರು ಪ್ರದರ್ಶನ ಆರಂಭವಾಗುವ ಸಂಜೆ ಬರುತ್ತಾರೆ. ದೀಪ, ಹಾರ, ತಣ್ಣನೆಯ ಪಾನೀಯ ಎಲ್ಲ ಇರುವ ಸಂಜೆ ಅದು. ಫಿರ್ದೋಸ ಬರುವುದು ಚಿತ್ರ ಇಳಿಸುವ ಬೆಳಿಗ್ಗೆ.

"ಮಾರಿದ್ದು ಮುಂದಿನ ಬಾಗಿಲಿಂದ ಕಾರಿಗೆ ಹೋಗತೈತ್ರಿ," ಎನ್ನುತ್ತಾರೆ ಅವರು. "ಮಾರದ್ದು ಹಿಂದಿನ ಬಾಗಿಲಿಂದ ಮುಸ್ತಾಕನ ಗಾಡಿಗೆ. ಇಲ್ಲಿ ಕುಂತ್ರ ಯಾರನ್ನೂ ಕೇಳೋದು ಬ್ಯಾಡ."

"ಆಪಾನ್ನ ಕಂಡ್ರ ಚಿತ್ರ ಬರಿಯೋರಿಗೆ ಜ್ವರ ಬರ್ತಾವ," ಫಿರ್ದೋಸರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುವ ಮುಸ್ತಾಕ ಗಂಟು ಬಿಗಿಯುತ್ತ ಹೇಳುತ್ತಾನೆ. "ನನ್ನ ಗಾಡಿಗೆ ಹೆಣದ ಗಾಡಿ ಅಂತಾರ."

"ನಿನ್ನ ಹಾರ್ನ್ ಕೇಳಿದ್ರ ಹೆಣಾನೂ ಎದ್ದು ಕೂಡತೈತಿ. ಸುಮ್ನ ಕಟ್ಟು."

ಫಿರ್ದೋಸರಿಗೆ ಈಗ ಐವತ್ತರ ಹತ್ತಿರ. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಮನೆತನ. ತಂದೆ ಅಲ್ಲಾಬಕ್ಷ ಗಾದಿ ತುಂಬುವ ಕೆಲಸ ಹಿಡಿದು ಗೋವಾದ ಫಾತೋರ್ಡಾಕ್ಕೆ ಬಂದಾಗ ಅವರು ಎರಡು ಜಡೆಯ ಹುಡುಗಿ. ಕಾಲೇಜು ಮುಗಿಸಿ ಮಡಗಾಂವದ ಪ್ರೆಸ್ಸೊಂದರಲ್ಲಿ ಪ್ರೂಫ್ ತಿದ್ದುತ್ತಿದ್ದರು. ಚಿತ್ರ ಪ್ರದರ್ಶನಗಳ ಆಮಂತ್ರಣ ಪತ್ರಿಕೆಗಳು ಅಲ್ಲೇ ಅಚ್ಚಾಗುತ್ತಿದ್ದವು. ಒಂದು ವರ್ಷ ಮಾರಿಹೋಯಿತೆಂದು ಗ್ಯಾಲರಿಯವರು ಹೇಳಿದ್ದ ತೆಂಗಿನ ತೋಟದ ಚಿತ್ರವೇ ಮರುವರ್ಷ ಬೇರೆ ಹೆಸರಿನಲ್ಲಿ ಮತ್ತೆ ಅಚ್ಚಿಗೆ ಬಂದಾಗ ಅವರಿಗೆ ಕುತೂಹಲ ಹುಟ್ಟಿತು. ಅದರ ಬಗ್ಗೆ ಬರೆದ ನಾಲ್ಕು ಸಾಲು ಪತ್ರಿಕೆಯಲ್ಲಿ ಬಂದವು. ಆಮೇಲೆ ಬರವಣಿಗೆ ನಿಲ್ಲಲಿಲ್ಲ.

ಈಗಲೂ ದಿನಕ್ಕೆರಡು ಬಸ್ಸು, ವಾರಕ್ಕೆ ಮೂರು ನಾಲ್ಕು ಗ್ಯಾಲರಿ. ಅನೇಕ ಕಡೆ ಆಮಂತ್ರಣವಿಲ್ಲ. "ಕರೀದಿದ್ರೂ ಹೋಗ್ತೇನ್ರಿ. ನೋಡಾಕ ಏನು ಟಿಕೀಟು?"

ಹಿಂಬಾಗಿಲಿಗೆ ಅವರನ್ನು ತಂದು ನಿಲ್ಲಿಸಿದ್ದು ಒಂದು ಕೆಂಪು ಚುಕ್ಕೆ. ಚಿತ್ರ ಮಾರಿದರೆ ಗ್ಯಾಲರಿಯವರು ಅದರ ಪಕ್ಕದ ಗೋಡೆಗೆ ಕೆಂಪು ಚುಕ್ಕೆ ಅಂಟಿಸುತ್ತಾರೆ. ಕೆಲವರು ಮಾರದ ಚಿತ್ರಕ್ಕೂ ಅಂಟಿಸುತ್ತಾರೆ. ಮಂದಿ ಕೊಳ್ಳುತ್ತಿದ್ದಾರೆಂದು ಕಂಡರೆ ಮಂದಿ ಕೊಳ್ಳುತ್ತಾರೆ ಎಂಬ ಲೆಕ್ಕ. ಚುಕ್ಕೆಯೂ ಸುಳ್ಳು ಹೇಳಬಹುದೆಂದು ಹೊಸದರಲ್ಲಿ ಫಿರ್ದೋಸರಿಗೆ ಗೊತ್ತಿರಲಿಲ್ಲ. ಮಡಗಾಂವದ ಸಾವಂತ್ರೆವ್ವ ಎಂಬ ವಿಧವೆಯ ಮೊದಲ ಪ್ರದರ್ಶನದಲ್ಲಿ ಚುಕ್ಕೆ ನೋಡಿ, ಎಲ್ಲ ಚಿತ್ರಗಳೂ ಮಾರಿದವು ಎಂದು ಬರೆದರು. ತಿಂಗಳ ನಂತರ ಆಕೆಯ ಮನೆಗೆ ಹೋದರೆ ಅಷ್ಟೂ ಚಿತ್ರ ಮಂಚದ ಕೆಳಗಿದ್ದವು. ವರದಿ ನಂಬಿ, ರೊಕ್ಕ ಮುಚ್ಚಿಟ್ಟಿದ್ದಾಳೆಂದು ಮೈದುನರು ಆಕೆಯೊಡನೆ ಮಾತು ಬಿಟ್ಟಿದ್ದರು.

"ನನಗೇನೂ ಬೈಲಿಲ್ರಿ. ಚಾ ಕೊಟ್ರು. ಕುಂಚ ಎಲ್ಲೈತಿ ಅಂತ ಕೇಳಿದೆ, ಒಲಿ ಸಾರಸಾಕ ತಗೊಂಡೇನಿ ಅಂದ್ರು." ಫಿರ್ದೋಸ ಸುತಳಿಯ ಉಂಡೆಯನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಸಾವಂತ್ರೆವ್ವ ಮತ್ತೆ ಚಿತ್ರ ಬರೆಯಲಿಲ್ಲ.

ಇಂದು ಹಿಂಬಾಗಿಲಿನಿಂದ ಬರುತ್ತಿರುವುದು ಸೋಮನಾಥನ ಚಿತ್ರಗಳು. ದಕ್ಷಿಣ ಗೋವಾದ ಕೆಪೆಯಲ್ಲಿ ಮನೆಗಳಿಗೆ ಬಣ್ಣ ಹೊಡೆಯುವ ಯುವಕ ಅವನು. ತಂದೆ ತಾಯಿ ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅರ್ಧ ಎದ್ದ ಗೋಡೆಯ ನೆರಳಿನಲ್ಲಿ, ಗಾರೆ ಹೊರುವ ಗಮೇಲಾ ಬೋರಲು ಹಾಕಿ ತಲೆದಿಂಬು ಮಾಡಿಕೊಂಡು ಮಲಗಿದ ಹೆಂಗಸರನ್ನು ಅವನು ಬರೆಯುತ್ತಾನೆ. ಒಂಬತ್ತು ಚಿತ್ರ, ಒಂಬತ್ತು ಕೆಂಪು ಚುಕ್ಕೆ. ಟೆಂಪೋಕ್ಕೆ ಏರಿದ್ದು ಏಳು.

ಸೋಮನಾಥ ಆಗಷ್ಟೇ ಬಸ್ಸಿಳಿದು ಬರುತ್ತಾನೆ. ಮೆಟ್ಟಿಲ ಮೇಲೆ ಕೂತವರನ್ನು ಕಂಡು ನಡಿಗೆ ನಿಧಾನವಾಗುತ್ತದೆ.

"ಅಕ್ಕಾರ, ಎಲ್ಲಾ ಹೋದ್ವು ಅಂತ ಬರೀರಿ."

"ಏಳು ನನ್ನ ಮುಂದನ ಅದಾವಲ್ಲಪಾ."

"ಹಂಗ ಬರದ್ರ ಡಿಸೆಂಬರಿಗೆ ಇನ್ನೊಂದು ಪ್ರದರ್ಶನ ಕೊಡ್ತಾರಂತ. ಎರಡ ಮಾರಿದ್ವು ಅಂದ್ರ ಮತ್ತ ಯಾರೂ ಗ್ವಾಡಿ ಕೊಡೂದಿಲ್ರಿ. ನಿಮಗೇನು, ಒಂದು ಸಾಲು."

ಒಂದು ಸಾಲು ಏನು ಮಾಡುತ್ತದೆಂದು ಫಿರ್ದೋಸರಿಗೆ ಗೊತ್ತು. ಮಧ್ಯಾಹ್ನದೊಳಗೆ ವರದಿ ಪತ್ರಿಕೆಗೆ ಮುಟ್ಟಬೇಕು. ಅವರು ಸ್ವಲ್ಪ ಸರಿದು ಮೆಟ್ಟಿಲ ಮೇಲೆ ಜಾಗ ಮಾಡುತ್ತಾರೆ. ಅವನು ಕೂಡುವುದಿಲ್ಲ.

"ಮನ್ಯಾಗ ಯಾರ್ಯಾರು ಅದೀರಿ?"

"ಅವ್ವ, ತಮ್ಮ, ಇಬ್ಬರು ಕಾಕಾಗಳು."

"ಎಲ್ಲಾ ಮಾರಿದ್ವು ಅಂತ ಪೇಪರ್ದಾಗ ಬಂದ್ರ ಅವರಿಗೆಲ್ಲ ಏನು ಹೇಳ್ತೀಯಪಾ?"

ಸೋಮನಾಥ ಕೈಯ ಉಗುರಿನಲ್ಲಿದ್ದ ಬಿಳಿ ಬಣ್ಣ ಕೆರೆಯುತ್ತಾನೆ.

"ಎರಡು ಚಿತ್ರ ಮಾರಿದ್ವು, ಏಳು ಕೆಪೆದಾಗ ಚಿತ್ರಕಾರನ ಕಡೆ ಅದಾವ, ಹೋಗಿ ನೋಡಬಹುದು. ಇಷ್ಟು ಬರೀತೇನಿ," ಎನ್ನುತ್ತಾರೆ ಫಿರ್ದೋಸ. "ಮಲಗಿದ ಹೆಂಗಸರ ಕಾಲಿನ ಸಿಮೆಂಟಿನ ಬಣ್ಣ ಹೆಂಗ ಬಂದೈತಿ ಅನ್ನೋದನ್ನೂ ಬರೀತೇನಿ. ಅದು ಖರೇ ಚಲೋ ಐತಿ."

"ನಮ್ಮ ಮನಿತನಕ ಯಾರು ಬರ್ತಾರ್ರಿ?"

"ಮೊದಲ ನಾ ಬರ್ತೇನಿ."

"ಆಪಾ ಬಂದ್ರ ಚಾಕ್ಕ ಸಕ್ಕರಿ ಭಾಳ ಹಾಕಬೇಕಪಾ," ಟೆಂಪೋದ ಮೇಲಿಂದ ಮುಸ್ತಾಕ ಹೇಳುತ್ತಾನೆ.

ಸೋಮನಾಥ ನಗುವುದಿಲ್ಲ. ಸಡಿಲವಾಗಿದ್ದ ಒಂದು ಚಾದರದ ತುದಿಯನ್ನು ಸರಿಮಾಡಿ, ಚಿತ್ರಗಳ ನಡುವೆ ಹತ್ತಿ ಕೂಡುತ್ತಾನೆ. ಟೆಂಪೋ ಹೊರಡುವಾಗ ಫಿರ್ದೋಸರ ಕಡೆ ನೋಡುತ್ತಾನೆ. ಡಿಸೆಂಬರಿನ ಪ್ರದರ್ಶನ ಅವನ ಕೈತಪ್ಪಿದರೆ ಅದರಲ್ಲಿ ಫಿರ್ದೋಸರ ಪಾಲೂ ಇರುತ್ತದೆ. ಅದು ಅವರಿಗೆ ತಿಳಿಯದ್ದೇನಲ್ಲ. ಆದರೂ ಮಂಚದ ಕೆಳಗೆ ಇನ್ನೊಮ್ಮೆ ಬಗ್ಗಿ ನೋಡುವುದು ಅವರಿಂದಾಗದು.

ಸುತಳಿ ಉಂಡೆ ಹಿಂದಿರುಗಿಸಲು ಅವರು ಒಳಗೆ ಹೋಗುತ್ತಾರೆ. ಗೋಡೆ ಖಾಲಿ. ಮೊಳೆಗಳ ಪಕ್ಕದಲ್ಲಿ ಒಂಬತ್ತು ಕೆಂಪು ಚುಕ್ಕೆಗಳು ಹಾಗೆಯೇ ಇವೆ. ಮುಂದಿನ ಪ್ರದರ್ಶನದ ಸಮುದ್ರದ ಚಿತ್ರವೊಂದನ್ನು ಇಬ್ಬರು ಎತ್ತಿ ಮೊದಲ ಮೊಳೆಗೆ ತೂಗುಹಾಕುತ್ತಾರೆ. ಇನ್ನೂ ಯಾರೂ ನೋಡದ ಆ ಚಿತ್ರದ ಪಕ್ಕದಲ್ಲಿ ಆಗಲೇ ಒಂದು ಚುಕ್ಕೆ. ಗ್ಯಾಲರಿ ನೋಡಿಕೊಳ್ಳುವ ಕಾರವಾರದ ತನ್ವಿ ದೂರದಲ್ಲಿ ನಿಂತು, ಚಿತ್ರ ಸರಿಯಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ಅಳೆಯುತ್ತಿದ್ದಾಳೆ.

"ತನ್ವಿಬಾಯಿ, ಮೊದಲ ಆ ಚುಕ್ಕಿ ತಗಸ್ರಿ," ಎನ್ನುತ್ತಾರೆ ಫಿರ್ದೋಸ.

"ಸ್ವಲ್ಪ ಎಡಕ್ಕೆ," ಎಂದು ತನ್ವಿ, ಚುಕ್ಕೆಯ ಮಾತು ಕಿವಿಗೆ ಬೀಳದವಳಂತೆ, ಆ ಇಬ್ಬರಿಗೆ ಹೇಳುತ್ತಾಳೆ.