ಹಳೆಯ ತಾರೀಖಿನ ಬಿಓಎಂ

ಮೊನ್ನೆ ತಂಗಿಯ ಮಗುವಿಗೆಂದು ತಂದ ಅಂಗಿಯ ಪ್ಯಾಕೆಟ್ ಹರಿದೆ. ಹೊಸ ಹೊಸೈರಿ ಬಟ್ಟೆ, ಪ್ಲಾಸ್ಟಿಕ್ ಕವರು, ಇಸ್ತ್ರಿಯ ಹಬೆ ಮೂರೂ ಸೇರಿದ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಬೇರೆಯವರಿಗೆ ಅದು ಹೊಸ ಬಟ್ಟೆಯ ವಾಸನೆ. ನನಗೆ ತಿರುಪ್ಪೂರಿನ ಒಂದು ಗಾರ್ಮೆಂಟ್ ಫ್ಯಾಕ್ಟರಿ, ಅಲ್ಲಿನ ಸ್ಟೋರ್ ಅಕ್ಕ... ಇಡೀ ದಿನ ಮನಸ್ಸು ಕೆಟ್ಟುಹೋಯಿತು.

ಎರಡು ಸಾವಿರದ ಆರೋ ಏಳೋ ಇಸವಿ. ದಾವಣಗೆರೆಯಿಂದ ಹೋಗಿ ಅಲ್ಲಿ ಕೆಲಸಕ್ಕೆ ಸೇರಿದ್ದೆ. ತಮಿಳು ಬರುತ್ತಿರಲಿಲ್ಲ. ಗುಂಡಿ, ದಾರ, ಲೇಬಲ್ ಇಡುವ ಸ್ಟೋರಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹೆಂಗಸೊಬ್ಬರು ಮೊದಲ ದಿನವೇ ಬಂದು, "ಊಟ ಆಯ್ತಾ ಕಣ್ಣು? ನಮ್ ಮನೇಲೂ ಕನ್ನಡಾನೇ. ಆನಾ ಎಳುತ್ತು ಓದಕ್ಕೆ ಬರಲ್ಲ" ಎಂದು, ಮಾತು ಬಂದರೂ ಕನ್ನಡ ಅಕ್ಷರ ಓದಲು ಬಾರದೆಂದು, ಹೇಳಿದಾಗ ಹೋದ ಜೀವ ಬಂದಂತಾಯಿತು. ಕರುಮತ್ತಂಪಟ್ಟಿ ಕಡೆಯ ಒಕ್ಕಲು ಮನೆತನ, ಎಷ್ಟೋ ತಲೆಮಾರಿನಿಂದ ಅಲ್ಲೇ ಇದ್ದವರು. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಅವರು ಅಕ್ಕ.

ಪ್ರತಿ ಆರ್ಡರಿಗೂ ಅಕ್ಕ ಒಂದು ರಟ್ಟಿನ ಕಾರ್ಡು ಮಾಡುತ್ತಿದ್ದರು. ಅಂಗಿಗೆ ಬೇಕಾದ ಗುಂಡಿ, ದಾರ, ಲೇಬಲ್ ಒಂದೊಂದನ್ನು ಅದರ ಮೇಲೆ ಹೊಲಿದಿರುತ್ತಿದ್ದರು. ಆರ್ಡರ್ ಕೊಟ್ಟ ಬಯ್ಯರ್ ಮನಸ್ಸು ಬದಲಿಸಿದರೆ ಹಳೆಯದನ್ನು ಕೀಳುತ್ತಿರಲಿಲ್ಲ. ಅದರ ಮೇಲೆ ಕೆಂಪು ದಾರದಲ್ಲಿ ಅಡ್ಡಗೆರೆ ಹಾಕಿ, ಪಕ್ಕದಲ್ಲಿ ಹೊಸದನ್ನು ಹೊಲಿದು, ಕೆಳಗೆ ತಾರೀಖು ಬರೆಯುತ್ತಿದ್ದರು. ಮೊದಲು ಏನಿತ್ತು, ಯಾವಾಗ ಬದಲಾಯಿತು ಎಂದು ಯಾರನ್ನೂ ಕೇಳಬೇಕಿರಲಿಲ್ಲ.

ಆ ಕಾರ್ಡುಗಳನ್ನು ನಿಲ್ಲಿಸುವುದಕ್ಕೇ ನಾನು ಬಂದಿದ್ದೆ. ಹೊಸ ಸಾಫ್ಟ್‌ವೇರ್ ಹಾಕಿಸಿದ್ದರು. ಒಂದು ಅಂಗಿಗೆ ಬೇಕಾದ ಸಾಮಾನಿನ ಪಟ್ಟಿಗೆ, ಅಂದರೆ ಬಿಲ್ ಆಫ್ ಮೆಟೀರಿಯಲ್ಸಿಗೆ, ನಾವು ಬಿಓಎಂ ಎನ್ನುತ್ತಿದ್ದೆವು. ಇನ್ನು ಮುಂದೆ ಅದು ಕಂಪ್ಯೂಟರಿನಲ್ಲಿ ಮಾತ್ರ, ಕಾರ್ಡು ಗೀರ್ಡು ಕೂಡದು ಎಂದು ಓನರ್ ಆಜ್ಞೆ. ಆ ದರಿದ್ರ ಸ್ಕ್ರೀನು! ಎಷ್ಟು ಎಳೆದರೂ ಮುಗಿಯದ ಕಾಲಮ್ಮುಗಳು. ಒಂದು ಸಾಲು ಸೇವ್ ಮಾಡಿದರೆ ಮತ್ತೆ ಮೊದಲನೇ ಸಾಲಿಗೆ ಜಿಗಿಯುತ್ತಿತ್ತು. ಕರೆಂಟು ಹೋದರೆ ಮಾಡಿದ್ದೆಲ್ಲ ಗೋವಿಂದ. ಬದಲಾವಣೆಗೆ ಎರಡು ದಾರಿಗಳಿದ್ದವು. 'ರಿವಿಷನ್' ಒತ್ತಿದರೆ ಹಳೆಯ ಪಟ್ಟಿ ಉಳಿದು ಹೊಸದೊಂದು ತೆರೆಯುತ್ತಿತ್ತು, ಆದರೆ ಎಲ್ಲ ಸಾಲುಗಳನ್ನೂ ಮೊದಲಿಂದ ತುಂಬಬೇಕು. 'ಎಡಿಟ್' ಒತ್ತಿದರೆ ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದು ಕೂರುತ್ತಿತ್ತು, ತಾರೀಖು ಮಾತ್ರ ಹಳೆಯದೇ. ಯಾರು ತಿದ್ದಿದರು, ಏನು ತಿದ್ದಿದರು, ಒಂದೂ ಕಾಣುತ್ತಿರಲಿಲ್ಲ. ದಿನಕ್ಕೆ ಹತ್ತು ಮೇಲ್ ಕಳಿಸುವ ಬಯ್ಯರ್ ಕಾಟಕ್ಕೆ ನಾನು ಎಡಿಟ್ ಒತ್ತುವುದನ್ನೇ ರೂಢಿ ಮಾಡಿಕೊಂಡೆ.

ಅಕ್ಕ ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾನು ಸ್ಕ್ರೀನ್ ನೋಡಿ ಓದುತ್ತಿದ್ದೆ, ಅವರು ನೋಟ್‌ಬುಕ್ಕಿನಲ್ಲಿ ತಮಿಳಿನಲ್ಲಿ ಬರೆದುಕೊಳ್ಳುತ್ತಿದ್ದರು. "ಅಪ್ಪುರಂ ಏನಾದ್ರೂ ಮಾತ್ತಿದ್ರೆ ನಂಗೆ ಹೇಳ್ಬಿಡು ಕಣ್ಣು" ಎನ್ನುತ್ತಿದ್ದರು. ಆಮೇಲೆ ಬದಲಾಯಿಸಿದರೆ ಎನ್ನುವುದಕ್ಕೆ ಅವರ ಮಾತು ಅದು. ಹೇಳುತ್ತೇನೆ ಬಿಡಿ ಅಕ್ಕಾ ಎನ್ನುತ್ತಿದ್ದೆ.

ಒಂದು ದಿನ ಹೇಳಲಿಲ್ಲ. ಹಸುಗೂಸುಗಳ ಅಂಗಿಯ ಆರ್ಡರ್ ಅದು. ಲೋಹದ ಟಿಚ್ ಬಟನ್ ಬೇಡ, ಪ್ಲಾಸ್ಟಿಕ್ಕಿನದು ಹಾಕಿ ಎಂದು ಮೇಲ್ ಬಂತು. ಎಡಿಟ್ ಒತ್ತಿದೆ, ತಿದ್ದಿದೆ, ಊಟಕ್ಕೆ ಹೋದೆ, ಮರೆತೆ. ಅಷ್ಟೇ. ಅಕ್ಕ ಮೊದಲು ಬರೆದುಕೊಂಡಿದ್ದಂತೆ ಲೋಹದ ಬಟನ್ನೇ ಹೊಲಿಗೆಗೆ ಕೊಟ್ಟರು. ಅರ್ಧ ಆರ್ಡರ್ ಹೊಲಿದಾದ ಮೇಲೆ ಬಯ್ಯರ್ ಕಡೆಯ ಇನ್ಸ್‌ಪೆಕ್ಟರ್ ಹಿಡಿದ.

ಓನರ್ ರೂಮಿಗೆ ನಮ್ಮಿಬ್ಬರನ್ನೂ ಕರೆದರು. ಮ್ಯಾನೇಜರುಗಳೆಲ್ಲ ನಿಂತಿದ್ದರು. ಸ್ಕ್ರೀನಿನಲ್ಲಿ ಪ್ಲಾಸ್ಟಿಕ್ ಎಂದಿತ್ತು, ತಾರೀಖು ಎರಡು ವಾರ ಹಿಂದಿನದು. ಅಕ್ಕ ತಮ್ಮ ನೋಟ್‌ಬುಕ್ ತೆರೆದು ತೋರಿಸಿದರು. "ಸಿಸ್ಟಮ್ ಪೊಯ್ ಸೊಲ್ಲುಮಾ?" ಎಂದು ಓನರ್ ಗದರಿದರು. ಕಂಪ್ಯೂಟರ್ ಸುಳ್ಳು ಹೇಳುತ್ತದೆಯೇ ಎಂದು.

ಆಗ ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ನೀನೇನಾ ತಿದ್ದಿದ್ದು? ನನಗೊಬ್ಬಳಿಗೆ ಹೇಳು, ಸಾಕು." ಯಾವಾಗಲೂ ಬೆರೆಸುವ ತಮಿಳನ್ನು ಅವತ್ತು ಒಂದಕ್ಷರವೂ ಬೆರೆಸಲಿಲ್ಲ. ಆ ರೂಮಿನಲ್ಲಿ ನಮ್ಮಿಬ್ಬರ ಹೊರತು ಯಾರಿಗೂ ತಿಳಿಯದಿರಲಿ ಎಂದೇ ಹಾಗೆ ಕೇಳಿದ್ದರು. ನನ್ನನ್ನು ಉಳಿಸುವ ದಾರಿ ಹುಡುಕುತ್ತಿದ್ದರು.

ನಾನು ಓನರ್ ಮುಖ ನೋಡಿಕೊಂಡು, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದೆ. "ನೋ ಸರ್, ಐ ಡಿಡ್ ನಾಟ್ ಚೇಂಜ್ ಎನಿಥಿಂಗ್."

ಹೊಸ ಕೆಲಸ, ಹೆದರಿಕೆ, ಪರವೂರು... ನೆಪ ಎಷ್ಟು ಬೇಕಾದರೂ ಸಿಗುತ್ತವೆ. ಮರುದಿನ ಸ್ಟೋರಿನ ಬೀಗದ ಕೈ ಬೇರೆಯವರ ಪಾಲಾಯಿತು. ಅಕ್ಕನನ್ನು ಚೆಕಿಂಗ್ ಟೇಬಲ್ಲಿಗೆ ಹಾಕಿದರು. ಹೊಲಿದ ಅಂಗಿಗಳಲ್ಲಿ ಉಳಿದ ದಾರದ ತುದಿ ಕತ್ತರಿಸುವ ಕೆಲಸ. ನಾನು ಸಾಫ್ಟ್‌ವೇರಿನವರಿಗೆ ಫೋನ್ ಮಾಡಿ, ತಿದ್ದಿದವರ ಹೆಸರು ಯಾಕ್ರೀ ಉಳಿಯಲ್ಲ ಎಂದು ಕೂಗಾಡಿದೆ. ನೀವು ರಿವಿಷನ್ ಒತ್ತಬೇಕಿತ್ತು ಮೇಡಂ ಎಂದು ತಣ್ಣಗೆ ಹೇಳಿದರು. ಅವರ ಮೇಲೆ ಸಿಟ್ಟು, ಓನರ್ ಮೇಲೆ ಸಿಟ್ಟು. ನಾಚಿಕೆಯಿಲ್ಲದೆ ಅಕ್ಕನ ಮೇಲೂ ಸಿಟ್ಟು ಬಂತು. ಯಾಕೆ ಅಷ್ಟು ಮೆಲ್ಲಗೆ ಕೇಳಬೇಕಿತ್ತು? ಕೊರಳಪಟ್ಟಿ ಹಿಡಿದು ಕೇಳಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ...

ವಾರ ಬಿಟ್ಟು ಚೆಕಿಂಗ್ ಟೇಬಲ್ಲಿನ ಹತ್ತಿರ ಹೋಗಿ, "ಅಕ್ಕಾ, ಒಂದು ಮಾತು" ಎಂದೆ. ಕತ್ತರಿ ನಿಲ್ಲಿಸದೆ, "ವೇಲೆ ಇರುಕ್ಕು ಮೇಡಂ" ಎಂದರು, ಕೆಲಸವಿದೆ ಎಂದು. ಅವರು ನನ್ನ ಜೊತೆ ಮತ್ತೆ ಕನ್ನಡ ಮಾತಾಡಲಿಲ್ಲ. ವರ್ಷ ತುಂಬುವ ಮೊದಲು ನಾನು ಕೆಲಸ ಬಿಟ್ಟೆ. ಓನರಿಗೂ ಏನೂ ಹೇಳಲಿಲ್ಲ.

ಈಗ ನಾನು ಕೆಲಸ ಮಾಡುವ ಕಡೆ ಬಿಓಎಂ ತೆರೆದರೆ ಎಲ್ಲ ಕಾಣುತ್ತದೆ. ಹಳೆಯದು ಎಡಕ್ಕೆ, ಹೊಸದು ಬಲಕ್ಕೆ, ತಿದ್ದಿದವರ ಹೆಸರು, ಹೊತ್ತು. ಬೇಡದ್ದನ್ನೆಲ್ಲ ಯಾಕೆ ಇಟ್ಟುಕೊಳ್ಳಬೇಕು ಮೇಡಂ ಎಂದು ಹೊಸಬರು ಗೊಣಗಿದರೆ ರೇಗುತ್ತೇನೆ. ಕಾರಣ ಹೇಳುವುದಿಲ್ಲ.

ಮೊನ್ನೆ ತಡೆಯಲಾಗದೆ ಆಗಿನ ಸಹೋದ್ಯೋಗಿಯೊಬ್ಬಳಿಗೆ ಫೋನ್ ಮಾಡಿ ಅಕ್ಕನ ನಂಬರ್ ಕೇಳಿದೆ. ಅಕ್ಕ ತೀರಿಹೋಗಿ ಮೂರು ವರ್ಷವಾಯಿತಂತೆ. ಕೊನೆಯವರೆಗೂ ಚೆಕಿಂಗ್ ಟೇಬಲ್ಲಿನಲ್ಲೇ ಇದ್ದರಂತೆ. ಫೋನ್ ಇಟ್ಟೆ.

ಹೌದು ಅಕ್ಕಾ, ನಾನೇ ತಿದ್ದಿದ್ದು.