ಟ್ರಿಗರ್ ಮೇಲಿನ ಬೆರಳು

ನನಗೂ ಒಬ್ಬಳು ಸವತಿ ಇದ್ದಳು. ಮರದ ಮೈ, ಕಬ್ಬಿಣದ ಮೂತಿ. ನನ್ನ ಒಡವೆಗಿಲ್ಲದ ಬೀಗದ ಬೀರು ಅವಳಿಗಿತ್ತು. ನಮ್ಮ ಯಜಮಾನರು ತಿಮ್ಮೇಶ್ ಹಿರಿಯೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು, ಅವರ ಪಾಯಿಂಟ್ ಟೂ ಟೂ ರೈಫಲ್ಲೇ ಆ ಸವತಿ.

ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಇವರು ಗುರಿ ಹೊಡೆಯುವುದನ್ನು ಕಲಿತದ್ದು ಕಾಲೇಜಿನ ಎನ್‌ಸಿಸಿಯಲ್ಲಿ. ಭಾನುವಾರ ಬಂತೆಂದರೆ ಚಿತ್ರದುರ್ಗದ ರೈಫಲ್ ಕ್ಲಬ್ಬಿನ ರೇಂಜಿನಲ್ಲಿ ಬಂದೂಕು ಹಿಡಿದು ಬೋರಲು ಮಲಗಿರುತ್ತಿದ್ದರು. ಒಂದೇ ಆಸೆ: ಒಂದು ಸಲವಾದರೂ ರಾಜ್ಯದ ತಂಡಕ್ಕೆ ಆಯ್ಕೆಯಾಗಬೇಕು. ಹೋದ ವರ್ಷ ಕೂದಲೆಳೆಯಲ್ಲಿ ತಪ್ಪಿತ್ತು. ವಯಸ್ಸು ನಲವತ್ತೈದು ದಾಟಿತ್ತು. ಈ ಸಲ ಆಗದಿದ್ದರೆ ಇನ್ನು ಜನ್ಮದಲ್ಲಿ ಇಲ್ಲ ಎಂದು ಮನೆಯಲ್ಲಿ ಉಸಿರಿಗೊಮ್ಮೆ ಹೇಳುತ್ತಿದ್ದರು.

ಆದರೆ ಈ ವರ್ಷ ಗುಂಡುಗಳು ದಿಕ್ಕಾಪಾಲಾಗತೊಡಗಿದವು. ಗುರಿ ಕೂಡಿಸಿಕೊಳ್ಳುವ ಮೊದಲೇ ಒಂದು ಹಾರುತ್ತಿತ್ತು. ಇನ್ನೊಂದು ಎಷ್ಟು ಹೊತ್ತಾದರೂ ಹಾರುತ್ತಲೇ ಇರಲಿಲ್ಲ. "ಟ್ರಿಗರ್ ಸರಿ ಇಲ್ಲ ಕಣೇ" ಎಂಬುದೇ ರಾಗ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅಣಕಿಸಿದೆ. ಅವರು ನಗಲಿಲ್ಲ. ಮಾತಿಗೆ ಮಾತು ಕೊಡುವ ಮನುಷ್ಯ ಅಂದು ಸುಮ್ಮನೆ ಎದ್ದುಹೋದದ್ದು ನನಗೆ ಸರಿಬರಲಿಲ್ಲ.

ಹೊಸದುರ್ಗದಲ್ಲಿ ಮೂರ್ತಪ್ಪನವರ ಅಂಗಡಿಯಿದೆ. ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು, ಈಗ ಊರಲ್ಲಿ ಅದೇ ಕೆಲಸ. ಬೈಕಿನ ಹಿಂದೆ ಕೂತು ನಾನೂ ಹೋದೆ. ಟ್ರಿಗರಿನಲ್ಲಿ ಎರಡು ಜಾತಿ ಎಂದು ಅವರು ನನಗೂ ತಿಳಿಯುವ ಹಾಗೆ ಹೇಳಿದರು. ಒಂದು ಮೊದಲು ಸಡಿಲವಾಗಿ ಹಿಂದೆ ಬಂದು, ಒಂದು ಕಡೆ ತಡೆದು ನಿಲ್ಲುತ್ತದೆ. ಅಲ್ಲಿಂದ ಇನ್ನಷ್ಟು ಒತ್ತಿದರೆ ಗುಂಡು. ಇನ್ನೊಂದಕ್ಕೆ ಆ ತಡೆಯೇ ಇಲ್ಲ, ಒತ್ತಿದರೆ ಹೋಯಿತು. ನಮ್ಮದರಲ್ಲಿ ಇದ್ದದ್ದು ಮೊದಲನೆಯದು. ಇವರು ಎರಡನೆಯದನ್ನು ಆರಿಸಿದರು, ಅದರಲ್ಲೂ ತೀರಾ ಹಗುರವಾದದ್ದು ಬೇಕೆಂದರು.

"ಹಗೂರ ಆದಷ್ಟೂ ಬೆರಳು ಚುರುಕಿರ್ಬೇಕು ಮೇಷ್ಟ್ರೇ" ಎಂದರು ಮೂರ್ತಪ್ಪ.

"ನನ್ನ ಬೆರಳಿಗೇನಾಗೈತೆ? ಹಾಕ್ರಿ" ಎಂದು ಇವರು ರೇಗಿದರು.

ಹಾಕಿದರು. ಗುರಿ ಇನ್ನೂ ಕೆಟ್ಟಿತು. ಮತ್ತೆ ಹೋಗಿ ಸ್ಪ್ರಿಂಗ್ ಬದಲಾಯಿಸಿಕೊಂಡು ಬಂದದ್ದಾಯಿತು. ಅದೂ ಸಾಲದೆ ಮತ್ತೊಮ್ಮೆ ಹೋದಾಗ ಮೂರ್ತಪ್ಪ ಕೇಳಿದಷ್ಟು ಹಗುರ ಮಾಡಿ, ಖಾಲಿ ಬಂದೂಕನ್ನು ಎತ್ತಿ ಹಿಡಿದು, ಮಡಿಸಿದ ಗೋಣಿಚೀಲದ ಮೇಲೆ ಹಿಂಬದಿ ಕುಟ್ಟಿದರು. ಯಾರೂ ಮುಟ್ಟದೆ ಒಳಗೆ ಟಕ್ ಎಂದಿತು.

"ಇದು ಟ್ರಿಗರ್ ಅಲ್ಲ, ಇಲಿಬೋನು. ಇದನ್ನ ನಾನು ಕೊಡಲ್ಲ" ಎಂದು ಮೊದಲಿನ ಬಿಗಿಗೇ ತಂದು ಕೊಟ್ಟರು. ಇವರು ಕಾಲು ಹಿಡಿಯುವುದೊಂದು ಬಾಕಿ. ನನಗೆ ನಾಚಿಕೆಯೂ ಆಯಿತು, ಭಯವೂ ಆಯಿತು.

ಆಯ್ಕೆಗೆ ತಿಂಗಳಿರುವಾಗ ಧರ್ಮಪುರದಿಂದ ಮಾವ ಸಣ್ಣಪ್ಪನವರು ಟಗರು ಮಾರಲು ಹಿರಿಯೂರಿನ ಸಂತೆಗೆ ಬಂದರು, ನಾವಿಬ್ಬರೂ ಹೋದೆವು. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಕೈ ಕೂಡಿಸಿ, ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ. ಮಾವ ಮಗನನ್ನೇ ಕೂರಿಸಿದರು. ದಲ್ಲಾಳಿ ಗಂಗಾಧರಪ್ಪ ಟವಲ್ ಹಾಕಿ ಕೈ ಹಿಡಿದ.

ಇವರು ಕೈ ಕೊಸರಿಕೊಂಡು ಎದ್ದರು. "ಮೂರಕ್ಕೆ ಕೊಡಾಕೆ ಇದೇನು ಕೋಳಿನಾ?"

"ಮೂರೆಲ್ಲೈತೆ ಮೇಷ್ಟ್ರೇ? ನಾಕು ಹಿಡ್ದೀನಿ" ಎಂದ ಗಂಗಾಧರಪ್ಪ. ಅವನ ಮುಖದಲ್ಲಿ ಮೋಸವಿರಲಿಲ್ಲ.

ಮಾವ ಬೇಲಿಯಿಂದ ಒಂದು ಜಾಲಿಮುಳ್ಳು ಮುರಿದುಕೊಂಡು ಬಂದು, ಮಗನ ಕೈಯನ್ನು ತಮ್ಮ ಬಿಳಿ ಟವಲಿನ ಕೆಳಗೆ ಎಳೆದುಕೊಂಡರು.

"ಎಷ್ಟು ಹಿಡ್ದೀನಿ ಹೇಳು ಮಗ."

"ಹಿಡಿಯಪ್ಪ ಮೊದ್ಲು, ಆಮೇಲೆ ಹೇಳ್ತೀನಿ."

ಟವಲಿನ ಮೇಲೆ ಕೆಂಪು ಚುಕ್ಕೆ ಎದ್ದು ಅಗಲವಾಗುತ್ತಿತ್ತು. ಇವರು ಅದನ್ನು ನೋಡದೆ ಅಪ್ಪನ ಮುಖವನ್ನೇ ನೋಡುತ್ತಿದ್ದರು.

"ಹಿಡ್ದಿಲ್ಲ ಮಗ, ಚುಚ್ಚೀನಿ" ಎಂದರು ಮಾವ. ಟವಲ್ ತೆಗೆದರೆ ಮುಳ್ಳು ತೋರುಬೆರಳಿನಲ್ಲಿ ನೆಟ್ಟಗೆ ನಿಂತಿತ್ತು.

ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಇವರು ಮಾತ್ರೆ ನೆನಪಾದಾಗ ನುಂಗುತ್ತಿದ್ದರು. ಚಿತ್ರದುರ್ಗದ ಡಾಕ್ಟರು ನರ ಸೋತಿದೆ ಎಂದರು. ಇನ್ನು ಮುಂದೆ ಸೋಲದಂತೆ ನೋಡಬಹುದು, ಹೋದದ್ದು ಬರುತ್ತದೆಂಬ ಭರವಸೆ ಕೊಡಲಾರೆ ಎಂದರು. ಇವರು ಕೇಳಿದ್ದು ಒಂದೇ ಪ್ರಶ್ನೆ, ಆಯ್ಕೆಯ ಹೊತ್ತಿಗೆ ಏನಾದರೂ ಆಗುತ್ತದೆಯೇ ಎಂದು. ಡಾಕ್ಟರು ನನ್ನ ಮುಖ ನೋಡಿದರು.

ಅಲ್ಲಿಂದ ಸೀದಾ ಹೊಸದುರ್ಗ. "ಹಳೇದೇ ಹಾಕ್ರಿ ಮೂರ್ತಪ್ಪೋರೇ. ಇನ್ನೂ ಗಟ್ಟಿ ಮಾಡ್ರಿ. ಮೊಣಕೈಗಾದ್ರೂ ಗೊತ್ತಾಗಂಗೆ ತಡೀಲಿ." ಬೆರಳನ್ನು ಮುಂದೆ ಚಾಚಿ ಅಳುತ್ತಿದ್ದ ಗಂಡನನ್ನು ನಾನು ಅಂದೇ ಮೊದಲು ನೋಡಿದ್ದು. ಮೂರ್ತಪ್ಪ ಹಳೆಯ ಟ್ರಿಗರ್ ಹಾಕಿ ಬಿಗಿ ಮಾಡಿದರು. ಆಮೇಲೆ ಎರಡು ಭಾನುವಾರ ಗುಂಡುಗಳು ನಡುವಿಗೇ ಬಿದ್ದವು. ನಾನು ಗುಟ್ಟಾಗಿ ಏಕನಾಥೇಶ್ವರಿಗೆ ಹರಕೆ ಹೊತ್ತೆ.

ಆಯ್ಕೆಯ ದಿನ ಬೆಳಗ್ಗೆ ಚಿತ್ರದುರ್ಗದ ರೇಂಜಿನಲ್ಲಿ ಥಂಡಿ ಗಾಳಿ, ನಾನೂ ಹೋಗಿದ್ದೆ. ಸಾಲಾಗಿ ಮಲಗಿದ್ದವರಲ್ಲಿ ಇವರ ಪಕ್ಕ ಇಬ್ಬರು ಕಾಲೇಜು ಹುಡುಗಿಯರಿದ್ದರು. ಅರ್ಧದಷ್ಟು ಗುಂಡು ಮುಗಿಯುವವರೆಗೆ ಇವರದ್ದೇ ಮುಂದು. ಆಮೇಲೆ ಇವರು ಕೆನ್ನೆಯನ್ನು ಇನ್ನೂ ಬಂದೂಕಿಗೆ ಒತ್ತಿಕೊಂಡಿರಲಿಲ್ಲ, ಢಂ ಎಂದಿತು. ಎದುರಿಗೆ ನೆಲದ ಮಣ್ಣು ಎದ್ದಿತು.

ಇವರು ಬಂದೂಕು ತೆರೆದು, ಖಾಲಿ ಮಾಡಿ, ಕೈ ಎತ್ತಿದರು.

"ಒಂದು ಹೋದ್ರೆ ಹೋಯ್ತು, ಇನ್ನೂ ಅವೆ. ಹೊಡೀರಿ" ಎಂದರು ರೇಂಜ್ ನೋಡಿಕೊಳ್ಳುವ ಜಯಕುಮಾರ್.

"ಬೆರಳು ಯಾವಾಗ ಟ್ರಿಗರ್ ಮುಟ್ತೋ ನಂಗೆ ಗೊತ್ತಿಲ್ಲ ಸಾರ್" ಎಂದರು ಇವರು. "ಪಕ್ಕದಲ್ಲಿ ಮಕ್ಳು ಮಲಗ್ಯವೆ."

ಬಂದೂಕನ್ನು ಕ್ಲಬ್ಬಿನ ಬೀರುವಿನಲ್ಲಿಟ್ಟು ಹಿರಿಯೂರಿನ ಬಸ್ ಹತ್ತಿದೆವು. ಸವತಿ ತೊಲಗಿದಳೆಂದು ಹಿಗ್ಗಬೇಕಿತ್ತು ನಾನು. ಕಿಟಕಿಯ ಕಡೆ ತಿರುಗಿ ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಐಮಂಗಲ ದಾಟಿದ ಮೇಲೆ ಇವರು ಟವಲನ್ನು ನಮ್ಮಿಬ್ಬರ ತೊಡೆಯ ಮೇಲೆ ಹರಡಿ, ಅದರ ಕೆಳಗೆ ಕೈ ಚಾಚಿದರು. "ಆ ಬೆರಳು ಒತ್ತೇ, ನೋಡಾಣ" ಎಂದು ಕಣ್ಣು ಮುಚ್ಚಿಕೊಂಡರು.

ನನಗೆ ಧೈರ್ಯ ಬರಲಿಲ್ಲ. ಅವರ ಬೆರಳನ್ನು ಮುಟ್ಟದೆ ನನ್ನ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತೆ.

"ಹ್ಞೂಂ" ಎಂದರು ಇವರು, ಕಣ್ಣು ಮುಚ್ಚಿಕೊಂಡೇ. "ಈಗ ಸ್ವಲ್ಪ ಗೊತ್ತಾಗ್ತೈತೆ ಕಣೇ."