ರಟ್ಟಿನ ಕಟ್ಟಿನೊಳಗೆ ಹೋದ ರೆಕಾರ್ಡ್

ರೆಕಾರ್ಡ್ ಕವರಿನ ಹರಿದ ಮೂಲೆಗೆ ಗೋಂದು ಹಚ್ಚಿ ಕೂತಿದ್ದೇನೆ. ಕೈಗೆಲ್ಲ ಹಳೇ ರಟ್ಟಿನ ವಾಸನೆ. ಮಿನಿ, ನೀನು ಸ್ಕೂಲಿನಿಂದ ಬಂದವಳೇ "ಅಜ್ಜಿ, ನೀವು ರೋಡಲ್ಲಿ ಡಾನ್ಸ್ ಮಾಡಿದ್ರಂತೆ, ರಿಯಲಿ?" ಅಂದೆ. ನಾನು ಅಡಿಗೆಮನೆಗೆ ಹೋಗಿಬಿಟ್ಟೆ. ಬಾಯಲ್ಲಿ ಹೇಳಲು ನಾಚಿಕೆ. ಅದಕ್ಕೇ ನಿನಗೂ ನಿನ್ನ ತಮ್ಮನಿಗೂ ಬರೆದಿಡುತ್ತಿದ್ದೇನೆ.

ನಿಮ್ಮ ತಾತ ಊರಿನಲ್ಲಿ ಮದುವೆಗಳಿಗೆ ಮೈಕ್ ಸೆಟ್ ಹಾಕುತ್ತಿದ್ದರು. ಅವರ ಪೆಟ್ಟಿಗೆಯಲ್ಲಿ ಇಂಗ್ಲಿಷ್ ರೆಕಾರ್ಡ್ ಇದ್ದದ್ದು ಒಂದೇ, ಯಾವುದೋ ಡಿಸ್ಕೋ ಗುಂಪಿನ ಎರಡನೆಯ ಆಲ್ಬಂ. ಕವರಿನ ಮೇಲೆ ಐದು ಜನ, ಅಗಲ ಕಾಲಿನ ಪ್ಯಾಂಟು, ಬುಟ್ಟಿಯಷ್ಟು ಕೂದಲು. "ಹೆಸರು ಬರೋಕೆ ಮುಂಚೆ ಹಾಡಿರೋದು ಕಣೇ. ಹಸಿದೋರ ದನಿ ಕೇಳು" ಅನ್ನುತ್ತಿದ್ದರು. ಮದುವೆಯಲ್ಲಿ ಹಾಕಿದರೆ ಹಿರಿಯರು ಬೈಯುತ್ತಿದ್ದರು. ಮನೆಯಲ್ಲೇ ಹಾಕಿಕೊಂಡು ಒಬ್ಬರೇ ಕುಣಿಯುವರು.

"ಬಾರೇ, ಒಂದು ಹೆಜ್ಜೆ."

"ಸುಮ್ನಿರಿ, ಯಾರಾದ್ರೂ ನೋಡ್ತಾರೆ."

ಮೂವತ್ತು ವರ್ಷ ಅದೇ ಮಾತು, ಅದೇ ಉತ್ತರ. ಅವರು ತೀರಿಕೊಂಡ ಮೇಲೆ ಕವರಿನ ಹಿಂದೆ, ಮೂರನೇ ಹಾಡಿನ ಪಕ್ಕ, ಅವರ ಅಕ್ಷರ ಕಂಡಿತು: "ಅಕ್ಕಿ ಆರಿಸ್ತಾ ಇದಕ್ಕೆ ಕಾಲು ಕುಣಿಸಿದಳು." ಕಳ್ಳ, ನೋಡಿಬಿಟ್ಟಿದ್ದರು! ಅವರ ಕೈಬರಹವೆಂದು ನನ್ನ ಹತ್ತಿರ ಉಳಿದಿರುವುದು ಆ ಒಂದೇ ಸಾಲು.

ಇಲ್ಲಿಗೆ, ಜಪಾನಿಗೆ, ತರುವಾಗ ರೆಕಾರ್ಡ್ ಕವರಿನ ಸಮೇತ ಸ್ವಲ್ಪ ಬಾಗಿತ್ತು. ತಾತ ಮಾಡುತ್ತಿದ್ದ ಹಾಗೆ ಎರಡು ರಟ್ಟಿನ ನಡುವೆ ಇಟ್ಟು, ಮೇಲೆ ಅಕ್ಕಿ ಚೀಲ ಹೇರಿದ್ದೆ. ನಮ್ಮ ಈ ಓಜಿಮಾ ಬಡಾವಣೆಯಲ್ಲಿ ಖಾಲಿ ರಟ್ಟನ್ನು ವಾರಕ್ಕೊಮ್ಮೆ ದಾರದಲ್ಲಿ ಕಟ್ಟಿ, ಒಯ್ಯುವ ಲಾರಿಗೆಂದು ಕೆಳಗಿಡಬೇಕು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಇವತ್ತು ಬೆಳಿಗ್ಗೆ ನಿಮ್ಮಮ್ಮ ಆಫೀಸಿಗೆ ಹೊರಡುವಾಗ "ಅಮ್ಮಾ, ರಟ್ಟೆಲ್ಲ ಕೆಳಗಿಟ್ಟು ಹೋಗ್ತೀನಿ" ಅಂದಳು. ಹೂಂ ಅಂದೆ. ಸ್ನಾನ ಮಾಡಿ ಬಂದು ನೋಡುತ್ತೇನೆ, ಅಕ್ಕಿ ಚೀಲ ಬರೀ ನೆಲದ ಮೇಲೆ ಕೂತಿದೆ!

ಬಾಲ್ಕನಿಯಿಂದ ಇಣುಕಿದೆ. ಲಾರಿ ಬಂದು ನಿಂತಿತ್ತು.

ಲಿಫ್ಟಿಗೆ ಕಾಯಲಿಲ್ಲ. ನಾಲ್ಕು ಮಹಡಿ ಹೇಗಿಳಿದೆನೋ. ಒಬ್ಬ ಕಟ್ಟುಗಳನ್ನು ಎತ್ತಿ ಎತ್ತಿ ಎಸೆಯುತ್ತಿದ್ದ, ಹಿಂದೆ ಕಬ್ಬಿಣದ ಹಲಗೆ ಒಂದೊಂದನ್ನೇ ಒಳಗೆಳೆದು ಅಮುಕುತ್ತಿತ್ತು. ಕ್ಷಮಿಸಿ ಅನ್ನಲು ಇಲ್ಲಿನವರ ಹಾಗೆ "ಸುಮಿಮಾಸೆನ್" ಅಂದೆ. ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಅಂದೆ. ನಮ್ಮ ಹಳದಿ ದಾರದ ಕಟ್ಟು ಅವನ ಕೈಗೆ ಬಂತು, ಒಳಗೂ ಬಿತ್ತು.

"ನಿಲ್ಸಪ್ಪಾ!"

ಅಷ್ಟು ದೊಡ್ಡ ದನಿ ನನ್ನದೇ. ಅವನು ಬೆಚ್ಚಿ ಗುಂಡಿ ಒತ್ತಿದ. ಹಲಗೆ ನಿಂತಾಗ ಕಟ್ಟಿನ ಮೂಲೆ ಅದರ ಬಾಯಲ್ಲಿತ್ತು. ಅವನು ಏನೋ ಕೇಳಿದ. ಗಾಳಿಯಲ್ಲಿ ದುಂಡಗೆ ಬರೆದು ತೋರಿಸಿದೆ. ತಟ್ಟೆ ಅಂದುಕೊಂಡನೋ ದೋಸೆ ಅಂದುಕೊಂಡನೋ, ವಿನಯದಿಂದ ತಲೆ ಬಗ್ಗಿಸಿ ಮತ್ತೆ ಗುಂಡಿಯತ್ತ ಕೈ ಚಾಚಿದ.

ಬಸ್ಸಿಗೆ ಕಾಯುತ್ತಿದ್ದ ಏಳೆಂಟು ಜನ ನನ್ನನ್ನೇ ನೋಡುತ್ತಿದ್ದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂರನೇ ಹಾಡು ಗುನುಗುತ್ತ ಹೆಜ್ಜೆ ಹಾಕಿದೆ. ಎಡಕ್ಕೆರಡು, ಬಲಕ್ಕೆರಡು, ನಿಮ್ಮ ತಾತ ಹಾಕುತ್ತಿದ್ದ ಹಾಗೆಯೇ. ಜೊತೆಗೆ ಗಾಳಿಯಲ್ಲಿ ಅದೇ ದುಂಡು.

"ಆ! ರೆಕೋಡೊ?"

ಅವನು ಕಟ್ಟನ್ನು ಹೊರಗೆಳೆದು, ದಾರ ಕತ್ತರಿಸಿ, ರಟ್ಟು ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ನಾನೂ ಅವನಂತೆಯೇ ತಲೆ ಬಗ್ಗಿಸಿದೆ.

ಒಂದು ಮೂಲೆ ಹರಿದಿದೆ, ಅಷ್ಟೆ. ಗೋಂದು ಆರುವಷ್ಟರಲ್ಲಿ ಇದೇ ಪೆನ್ನಿನಲ್ಲಿ, ತಾತನ ಸಾಲಿನ ಕೆಳಗೆ ನಾನೂ ಬರೆದೆ: "ಇದಕ್ಕೇ ಬೀದಿಯಲ್ಲಿ ಕುಣಿದಳು. ಎಲ್ಲರೂ ನೋಡಿದರು."